ಕುದುರೆಯ ವಂಶಾವಳಿಯನ್ನು ಕೆಳಗಿನಿಂದ ಓದಿ

ಪ್ರಶ್ನೆ: ನಮ್ಮದು ಗದಗ ಜಿಲ್ಲೆಯ ರೋಣದ ಕಡೆಯ ಹಳ್ಳಿ. ನನ್ನ ಅಜ್ಜ ಪುಣೆ ಮತ್ತು ಮುಂಬೈಯ ರೇಸ್ ಲಾಯಗಳಲ್ಲಿ ಬಹಳ ವರ್ಷ ಸಾಯಿಸ್, ಅಂದರೆ ಕುದುರೆ ನೋಡಿಕೊಳ್ಳುವವರು, ಆಗಿದ್ದರು. ಅವರು ತೀರಿಕೊಂಡ ಮೇಲೆ ಟ್ರಂಕಿನಲ್ಲಿ ಕುದುರೆಗಳ ಹೆಸರು ಬರೆದ ನಾಲ್ಕು ನೋಟುಪುಸ್ತಕಗಳು ಸಿಕ್ಕಿವೆ. ಈಗ ದಲಾಲರೊಬ್ಬರು ಓಟ ಬಿಟ್ಟ ಒಂಬತ್ತು ವರ್ಷದ ಹೆಣ್ಣು ಥರೋಬ್ರೆಡ್ ಕುದುರೆಯನ್ನು ಎರಡು ಲಕ್ಷಕ್ಕೆ ಕೊಡುತ್ತೇನೆ ಎನ್ನುತ್ತಿದ್ದಾರೆ. ‘ಇದು ನಾರ್ದರ್ನ್ ಡಾನ್ಸರ್ ರಕ್ತ, ಸಾಮಾನ್ಯದ್ದಲ್ಲ’ ಎಂಬುದು ಅವರ ಮಾತು. ಅವರು ಕೊಟ್ಟ ವಂಶಾವಳಿ ಕಾಗದ, ಕುದುರೆಯ ಫೋಟೊ, ಅಜ್ಜನ ನೋಟುಪುಸ್ತಕದ ಒಂದು ಪುಟ ಮೂರನ್ನೂ ಕಳಿಸಿದ್ದೇನೆ. ಈ ಕಾಗದವನ್ನು ಓದುವುದು ಹೇಗೆ? ಬೆಲೆ ಸರಿಯೇ? ಇವಳಿಂದ ಓಟದ ಮರಿ ಪಡೆಯಬಹುದೇ? ಅಜ್ಜನ ಪುಟದ ಮೂಲೆಯಲ್ಲಿ ಬರೆದ ‘ಬೆ 1, ಸಂ 1½’ ಯಾವ ಓಟದ ಲೆಕ್ಕ?

ಉತ್ತರ: ಮುಂಗಡ ಕೊಟ್ಟಿಲ್ಲ ತಾನೆ? ಕೊಟ್ಟಿಲ್ಲವಾದರೆ ಈ ಉತ್ತರವನ್ನು ಓದಿ ಮುಗಿಸುವವರೆಗೆ ಕೊಡಬೇಡಿ. ನೀವು ಕಳಿಸಿದ ಮೂರು ಚಿತ್ರಗಳಲ್ಲಿ ಎರಡಕ್ಕೆ ಒಂದಕ್ಕೊಂದು ತಾಳೆಯಾಗುವುದಿಲ್ಲ. ಯಾವ ಎರಡು ಎಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ಆ ದೊಡ್ಡ ಹೆಸರಿನ ವಿಚಾರ.

ನಾರ್ದರ್ನ್ ಡಾನ್ಸರ್ 1961ರಲ್ಲಿ ಕೆನಡಾದಲ್ಲಿ ಹುಟ್ಟಿದವನು. ಆಳು ಗಿಡ್ಡ. ವರ್ಷದ ಮರಿಯಾಗಿದ್ದಾಗ 25,000 ಡಾಲರ್ ಬೆಲೆ ಕಟ್ಟಿದ್ದರೂ ಕೊಳ್ಳುವವರು ಸಿಗಲಿಲ್ಲ. ಅದೇ ಮರಿ 1964ರ ಕೆಂಟಕಿ ಡರ್ಬಿಯನ್ನು ಸರಿಯಾಗಿ ಎರಡು ನಿಮಿಷದಲ್ಲಿ ಓಡಿ ದಾಖಲೆ ಬರೆಯಿತು. ಆದರೆ ಅವನ ನಿಜವಾದ ಕೀರ್ತಿ ಬಂದದ್ದು ಓಟ ಬಿಟ್ಟು ಬೀಜದ ಕುದುರೆಯಾದ ಮೇಲೆ. ಮಗ ನಿಜಿನ್ಸ್ಕಿ 1970ರಲ್ಲಿ ಇಂಗ್ಲೆಂಡಿನ ಮೂರು ದೊಡ್ಡ ಓಟಗಳ ಟ್ರಿಪಲ್ ಕ್ರೌನ್ ಗೆದ್ದ. ಇನ್ನೊಬ್ಬ ಮಗ ಸ್ಯಾಡ್ಲರ್ಸ್ ವೆಲ್ಸ್, ಅವನ ಮಗ ಗೆಲಿಲಿಯೊ, ಹೀಗೆ ಆ ಬೀಜ ಲೋಕದ ತುಂಬ ಹರಡಿತು. ಇವತ್ತು ಯಾವ ದೇಶದ ರೇಸ್ ಲಾಯಕ್ಕೆ ಹೋದರೂ ವಂಶಾವಳಿಯ ಒಂದಲ್ಲ ಒಂದು ಮೂಲೆಯಲ್ಲಿ ಅವನ ಹೆಸರಿಲ್ಲದ ಥರೋಬ್ರೆಡ್ ಸಿಗುವುದೇ ಅಪರೂಪ.

ಹಾಗಾಗಿ ದಲಾಲರು ಸುಳ್ಳು ಹೇಳಿಲ್ಲ, ಆದರೆ ಹೊಸದನ್ನೂ ಹೇಳಿಲ್ಲ. ಅಣ್ಣಿಗೇರಿಯ ಒಬ್ಬರನ್ನು ತೋರಿಸಿ ‘ಇವರು ಪಂಪನ ಊರಿನವರು’ ಎಂದಂತೆ ಇದು. ಮಾತು ನಿಜ. ಅಷ್ಟಕ್ಕೇ ಅವರಿಗೆ ಚಂಪೂ ಬರೆಯಲು ಬರುತ್ತದೆಯೇ? (ಅಂದ ಹಾಗೆ ಪಂಪನಿಗೂ ಅಣ್ಣಿಗೇರಿಗೂ ಶಾಸನ ಹೇಳುವ ನಂಟು ತಾಯಿಯ ಕಡೆಯದು. ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.)

ನಿಮ್ಮ ಕಾಗದದಲ್ಲಿ ಐದು ತಲೆಮಾರಿನ ಕೋಷ್ಟಕವಿದೆ. ಎಡದಿಂದ ಬಲಕ್ಕೆ ತಲೆಮಾರುಗಳು, ಮೇಲಿನ ಅರ್ಧ ಅಪ್ಪನ ಕಡೆ, ಕೆಳಗಿನ ಅರ್ಧ ತಾಯಿಯ ಕಡೆ. ಎರಡು, ನಾಲ್ಕು, ಎಂಟು, ಹದಿನಾರು, ಮೂವತ್ತೆರಡು ಎಂದು ಒಟ್ಟು 62 ಹೆಸರು. ನಾರ್ದರ್ನ್ ಡಾನ್ಸರ್ ಇರುವುದು ಕಟ್ಟಕಡೆಯ ಸಾಲಿನಲ್ಲಿ, ಮೂವತ್ತೆರಡು ಜನರ ಗುಂಪಿನಲ್ಲಿ ಒಬ್ಬನಾಗಿ. ಸರಾಸರಿ ಲೆಕ್ಕದಲ್ಲಿ ಆ ಕುದುರೆಯಲ್ಲಿ ಅವನ ಪಾಲು ಶೇ 3ರ ಆಸುಪಾಸು. ಉಳಿದ ಶೇ 97 ಯಾರದು ಎಂದು ದಲಾಲರನ್ನು ಕೇಳಿದ್ದರೆ ಮಾತು ಅಲ್ಲಿಗೇ ತಣ್ಣಗಾಗುತ್ತಿತ್ತು.

ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕುಳಿತು ಗಂಟೆಯ ಸದ್ದಿನೊಡನೆ ಹೆಳವರು ಬರುತ್ತಿದ್ದುದನ್ನು ನೀವೂ ಕಂಡಿರಬಹುದು. ಕಟ್ಟೆಯ ಮೇಲೆ ಕುಳಿತು, ನಿಮ್ಮ ಮನೆತನದ ಮೂಲಪುರುಷ ಯಾರು, ಯಾವ ಊರಿನಿಂದ ಬಂದ, ಅವನಿಗೆಷ್ಟು ಗಂಡುಮಕ್ಕಳು ಎಂಬುದನ್ನು ಒಂದೇ ಉಸಿರಿಗೆ ಹೇಳಿ, ಕಾಳುಕಡಿ ಪಡೆದು ಮುಂದಿನ ಮನೆಗೆ ಹೋಗುತ್ತಾರೆ. ಇಂಗ್ಲೆಂಡಿನ ಕುದುರೆಗಳಿಗೂ ಅಂಥದೇ ಒಬ್ಬ ಹೆಳವ ಸಿಕ್ಕ. ಅವನ ಹೆಸರು ಜೇಮ್ಸ್ ವೆದರ್ಬಿ. 1791ರಲ್ಲಿ ಅವನು ಪ್ರಕಟಿಸಿದ ಜನರಲ್ ಸ್ಟಡ್ ಬುಕ್ಕೇ ಇವತ್ತಿನ ಎಲ್ಲ ದೇಶಗಳ ಸ್ಟಡ್ ಬುಕ್ಕುಗಳ ತಾಯಿಬೇರು. ಥರೋಬ್ರೆಡ್ ಎಂದರೆ ಅಪ್ಪ-ತಾಯಿ ಇಬ್ಬರೂ ಆ ದಫ್ತರದಲ್ಲಿ ಇರುವ ಕುದುರೆ. ಬೇರೆ ಅರ್ಥವೇನೂ ಇಲ್ಲ.

ಅರಬ್ಬೀ ಕುದುರೆಯ ರಕ್ತ ಇಂಗ್ಲೆಂಡಿನವರಿಗಿಂತ ಮೊದಲೇ ನಮ್ಮಲ್ಲಿಗೆ ಬಂದಿತ್ತು ಎಂಬುದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ವಿಜಯನಗರದ ಸಾಳುವ ನರಸಿಂಹ ಕುದುರೆಗಳನ್ನು ಬದುಕಿದ್ದರೂ ಸತ್ತಿದ್ದರೂ ಮೂರಕ್ಕೆ ಸಾವಿರ ಪರ್ದಾವ್ (ಆ ಕಾಲದ ಚಿನ್ನದ ನಾಣ್ಯ) ಲೆಕ್ಕದಲ್ಲಿ ಕೊಳ್ಳುತ್ತಿದ್ದ, ಕಡಲಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಹಣ ಸಿಗುತ್ತಿತ್ತು ಎಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಇಂಗ್ಲೆಂಡಿಗೆ ಡಾರ್ಲಿ ಅರೇಬಿಯನ್ ಎಂಬ ಗಂಡು ಕುದುರೆ ಅಲೆಪ್ಪೊದಿಂದ ಹೋದದ್ದು 1704ರಲ್ಲಿ, ಅಂದರೆ ಇನ್ನೂರು ವರ್ಷ ತಡವಾಗಿ. ನಮ್ಮವರು ಬಾಲಕ್ಕೂ ದುಡ್ಡು ಕೊಟ್ಟರು, ಯಾವ ಕುದುರೆಗೆ ಯಾವ ಮರಿ ಹುಟ್ಟಿತು ಎಂದು ಮಾತ್ರ ಬರೆದಿಡಲಿಲ್ಲ. ಅವರು ಬರೆದಿಟ್ಟರು.

ಆ ದಫ್ತರದ ಗಂಡು ಸಾಲುಗಳನ್ನು ಹಿಂದಕ್ಕೆ ಎಳೆದರೆ ಮೂರೇ ಕುದುರೆಗಳಿಗೆ ಬಂದು ನಿಲ್ಲುತ್ತವೆ: ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್. ಅದರಲ್ಲೂ ಇವತ್ತಿನ ನೂರು ಗಂಡು ಥರೋಬ್ರೆಡ್‌ಗಳಲ್ಲಿ ತೊಂಬತ್ತಕ್ಕೂ ಹೆಚ್ಚು ಡಾರ್ಲಿ ಅರೇಬಿಯನ್‌ನ ಗಂಡು ಸಾಲಿನವು. 1764ರ ಸೂರ್ಯಗ್ರಹಣದ ದಿನ ಹುಟ್ಟಿ ಅದೇ ಹೆಸರು ಪಡೆದ, ಒಂದು ಓಟವನ್ನೂ ಸೋಲದ ಎಕ್ಲಿಪ್ಸ್ ಅದೇ ಸಾಲಿನವನು. ಹೀಗೆ ಹೆಚ್ಚುಕಡಿಮೆ ಎಲ್ಲರ ಮೂಲಪುರುಷನೂ ಒಬ್ಬನೇ ಆದಾಗ ಮೂಲಪುರುಷನ ಹೆಸರಿನಿಂದ ಕುದುರೆ ಕುದುರೆಗಳ ನಡುವೆ ವ್ಯತ್ಯಾಸ ತಿಳಿಯುವುದು ಹೇಗೆ? ತಿಳಿಯುವುದಿಲ್ಲ. ಪಂಪನ ಅಣ್ಣಿಗೇರಿಯ ನಂಟಿನಂತೆ ತಾಯಿಯ ಕಡೆ ನೋಡಬೇಕು.

ಇದು ನಾನು ಹೊಸದಾಗಿ ಹೇಳುವ ಮಾತಲ್ಲ, ರೇಸಿನವರ ಭಾಷೆಯಲ್ಲೇ ಇದೆ. ಒಂದೇ ಅಪ್ಪನಿಗೆ, ಬೇರೆ ಬೇರೆ ತಾಯಂದಿರಿಗೆ ಹುಟ್ಟಿದ ಎರಡು ಕುದುರೆಗಳನ್ನು ಅವರು ಅಣ್ಣತಮ್ಮ ಎನ್ನುವುದಿಲ್ಲ. ಒಂದೇ ತಾಯಿಯ ಮಕ್ಕಳಿಗೆ ಮಾತ್ರ ಆ ಹೆಸರು. ನಮ್ಮ ‘ಸೋದರ’ ಎಂಬ ಪದದ ಒಳಗೂ ಉದರವಿದೆ ಎಂಬುದನ್ನು ಮರೆತಿರುತ್ತೇವೆ, ಅಷ್ಟೆ. ಕಾರಣ ಸರಳ. ಬೇಡಿಕೆಯ ಬೀಜದ ಕುದುರೆಗೆ ಒಂದು ವರ್ಷದಲ್ಲಿ ನೂರು ದಾಟಿ ಮರಿಗಳು. ತಾಯಿಗೆ ಹನ್ನೊಂದು ತಿಂಗಳ ಗರ್ಭ, ವರ್ಷಕ್ಕೆ ಒಂದೇ ಮರಿ, ಆಯುಷ್ಯದಲ್ಲಿ ಹತ್ತಾದರೆ ಹೆಚ್ಚು. ಹತ್ತರಲ್ಲಿ ಮೂರು ಒಳ್ಳೆಯವು ಓಡಿದರೆ ಅದು ಆ ತಾಯಿಯ ಗುಣ ಎನ್ನಲು ಆಧಾರವಿದೆ. ನೂರರಲ್ಲಿ ಮೂರು ಓಡಿದರೆ ಅಪ್ಪನ ಬಗ್ಗೆ ಹೇಳಲು ಏನೂ ಇಲ್ಲ.

ನನಗೆ ಬಹಳ ಇಷ್ಟವಾದ ಉದಾಹರಣೆ ಕ್ಯಾಟ್ನಿಪ್ ಎಂಬ ಹೆಣ್ಣು ಕುದುರೆಯದು. ಅವಳ ಓಟ ಹೇಳಿಕೊಳ್ಳುವಂಥದಲ್ಲ. 1915ರಲ್ಲಿ, ಮಹಾಯುದ್ಧದ ಕಾಲದಲ್ಲಿ, ನ್ಯೂಮಾರ್ಕೆಟ್‌ನ ಹರಾಜಿಗೆ ಬಂದಾಗ ಫೆಡೆರಿಕೊ ಟೆಸಿಯೊ ಎಂಬ ಇಟಲಿಯವನು ಅವಳನ್ನು ಬರೀ 75 ಗಿನಿಗೆ (ಇಂಗ್ಲೆಂಡಿನ ಹಳೆಯ ಹಣ) ಕೊಂಡ. ಅವನು ನೋಡಿದ್ದು ಅವಳ ಓಟವನ್ನಲ್ಲ. ಅವಳ ತಾಯಿ ಸಿಬೋಲಾ 1899ರಲ್ಲಿ ‘ಒನ್ ಥೌಸಂಡ್ ಗಿನೀಸ್’ ಎಂಬ ದೊಡ್ಡ ಓಟ ಗೆದ್ದವಳು, ಆ ಒಂದು ಸಾಲು ಅವನಿಗೆ ಸಾಕಾಯಿತು. ಕ್ಯಾಟ್ನಿಪ್‌ಳ ಮಗಳು ನೊಗಾರಾ. ನೊಗಾರಾಳ ಮಗ 1935ರಲ್ಲಿ ಹುಟ್ಟಿದ ನಿಯಾರ್ಕೊ, 14 ಓಟ ಓಡಿ ಹದಿನಾಲ್ಕನ್ನೂ ಗೆದ್ದವನು. ನಿಯಾರ್ಕೊನ ಮಗ ನಿಯಾರ್ಕ್ಟಿಕ್. ನಿಯಾರ್ಕ್ಟಿಕ್‌ನ ಮಗನೇ ನಿಮ್ಮ ದಲಾಲರ ನಾರ್ದರ್ನ್ ಡಾನ್ಸರ್. ಅವರು ಎರಡು ಲಕ್ಷ ಕಟ್ಟುತ್ತಿರುವ ಹೆಸರಿನ ಹಿಂದೆ ಎಪ್ಪತ್ತೈದು ಗಿನಿಯ ಒಬ್ಬಳು ಅಜ್ಜಿ ನಿಂತಿದ್ದಾಳೆ.

ಇದರ ತಿರುವುಮುರುವೂ ಇದೆ. 2006ರಲ್ಲಿ ಅಮೆರಿಕದ ಹರಾಜಿನಲ್ಲಿ ‘ದ ಗ್ರೀನ್ ಮಂಕಿ’ ಎಂಬ ಗಂಡುಮರಿ 1.6 ಕೋಟಿ ಡಾಲರಿಗೆ ಹೋಯಿತು. ಮೂರು ಸಲ ಓಡಿತು. ಒಂದನ್ನೂ ಗೆಲ್ಲಲಿಲ್ಲ.

ಈಗ ನಿಮ್ಮ ಕಾಗದದ ಕೆಳಭಾಗಕ್ಕೆ ಬನ್ನಿ. ಕೋಷ್ಟಕದ ಅಡಿಯಲ್ಲಿ ಮೊದಲನೆಯ ತಾಯಿ, ಎರಡನೆಯ ತಾಯಿ, ಮೂರನೆಯ ತಾಯಿ ಎಂದು ಸಣ್ಣ ಅಕ್ಷರದಲ್ಲಿ ಮೂರು ಪರಿಚ್ಛೇದಗಳಿವೆ. ಹೆಚ್ಚಿನವರು ಇದನ್ನು ಓದುವುದೇ ಇಲ್ಲ, ಬಲ್ಲವರು ಓದುವುದು ಇದನ್ನೇ. ಅಲ್ಲಿ ಕೆಲವು ಹೆಸರುಗಳು ದಪ್ಪ ಅಕ್ಷರದಲ್ಲಿರುತ್ತವೆ. ದೊಡ್ಡ ದರ್ಜೆಯ ಓಟ ಗೆದ್ದ ಮರಿಯ ಹೆಸರು ದಪ್ಪ ದೊಡ್ಡಕ್ಷರದಲ್ಲಿ, ಅಂಥ ಓಟದಲ್ಲಿ ಎರಡನೆಯದೋ ಮೂರನೆಯದೋ ಬಂದವುಗಳ ಹೆಸರು ದಪ್ಪ ಸಣ್ಣಕ್ಷರದಲ್ಲಿ. ಇದಕ್ಕೇ ‘ಬ್ಲ್ಯಾಕ್ ಟೈಪ್’ ಎನ್ನುವುದು. ಮೊದಲ ಎರಡು ತಾಯಂದಿರ ಕೆಳಗೆ ಈ ಕಪ್ಪು ಎಷ್ಟಿದೆ ಎಂಬುದರ ಮೇಲೆ ಬೆಲೆ ನಿಲ್ಲುತ್ತದೆ. ನಿಮ್ಮ ಕಾಗದದಲ್ಲಿ ಮೊದಲ ತಾಯಿಯ ಕೆಳಗೆ ಒಂದೂ ಇಲ್ಲ, ಎರಡನೆಯವಳ ಕೆಳಗೂ ಇಲ್ಲ. ಮೂರನೆಯವಳ ಮೊಮ್ಮಗನೊಬ್ಬ ಮೂರನೆಯ ಸ್ಥಾನ ಬಂದಿದ್ದಾನೆ. ಬೀಗರ ಮನೆಯ ಬೀಗರು ಶ್ರೀಮಂತರು ಎಂದು ಹೇಳಿಕೊಂಡಂತೆ.

ಕೋಷ್ಟಕದ ಪಕ್ಕದಲ್ಲಿ ‘3×4’ ಎಂದು ಬರೆದಿದೆಯಲ್ಲ, ಅದಕ್ಕೆ ಹೆದರಬೇಕಿಲ್ಲ. ಒಬ್ಬನೇ ಪೂರ್ವಜ ಅಪ್ಪನ ಕಡೆ ಮೂರನೆಯ ತಲೆಮಾರಿನಲ್ಲೂ ತಾಯಿಯ ಕಡೆ ನಾಲ್ಕನೆಯ ತಲೆಮಾರಿನಲ್ಲೂ ಬರುತ್ತಾನೆ ಎಂದಷ್ಟೇ ಅರ್ಥ. ಅದರಿಂದ ಬರುವ ರಕ್ತಸಂಬಂಧದ ಪ್ರಮಾಣ ಶೇ 1.6ರಷ್ಟು. ನಮ್ಮಲ್ಲಿ ಸೋದರಮಾವನ ಮಗಳನ್ನು ಮದುವೆಯಾದವರ ಮಕ್ಕಳಲ್ಲಿ ಇದರ ನಾಲ್ಕು ಪಟ್ಟು ಇರುತ್ತದೆ, ಸೋದರಮಾವನನ್ನೇ ಮದುವೆಯಾದರೆ ಎಂಟು ಪಟ್ಟು. ಕುದುರೆಯವರನ್ನು ನೋಡಿ ಮೂಗು ಮುರಿಯುವ ಮೊದಲು ನಮ್ಮ ಮದುವೆ ಮನೆಗಳನ್ನು ನೆನೆಯಬೇಕು.

ಇನ್ನು ತಾಳೆಯಾಗದ ಆ ಎರಡು ಚಿತ್ರಗಳು.

ನಾನು ಬೆಳೆದದ್ದು ಹುಬ್ಬಳ್ಳಿ ರೈಲು ನಿಲ್ದಾಣದ ಹೊರಗಿನ ಟಾಂಗಾಗಳ ನಡುವೆ. ಕನ್ನಡ ಶಾಲೆಯಲ್ಲಿ ಬಣ್ಣಗಳ ಹೆಸರು ಕಲಿಯುವ ಮೊದಲೇ ಟಾಂಗಾದವರ ಬಾಯಲ್ಲಿ ಕುದುರೆಯ ಬಣ್ಣಗಳನ್ನು ಕಲಿತೆ. ಮೈ ಕಂದು, ಬಾಲ, ಆಯಾಲು (ಕುತ್ತಿಗೆಯ ಮೇಲಿನ ಕೂದಲು), ಕಾಲು ಕಪ್ಪಾದರೆ ಕುಮೈತ್. ಬಾಲದವರೆಗೂ ಕೆಂಪೇ ಆದರೆ ಸುರಂಗ್. ಪೂರ್ತಿ ಕಪ್ಪಾದರೆ ಮುಷ್ಕಿ. ನಮ್ಮ ಬೀದಿಯ ಮುದುಕ ನಾಲಬಂದ ಒಬ್ಬರು ಲಾಳ ಹೊಡೆಯುತ್ತ ಹೇಳುತ್ತಿದ್ದ ಒಂದು ಮಾತು ನೆನಪಿದೆ: ಎರಡು ಸುರಂಗ್ ಕೂಡಿದರೆ ಮರಿ ಸುರಂಗ್, ಬೇರೆ ಬಣ್ಣ ಬಂತೆಂದರೆ ಪಕ್ಕದ ಲಾಯದವನನ್ನು ಕೇಳು. ಪಶುವೈದ್ಯ ಓದುವಾಗ ತಳಿಶಾಸ್ತ್ರದ ಮೇಷ್ಟ್ರು ಕಪ್ಪುಹಲಗೆಯ ಮೇಲೆ ಒಂದು ಗಂಟೆ ವಿವರಿಸಿದ್ದೂ ಇದನ್ನೇ. ಕೆಂಪು ಕುದುರೆಯಲ್ಲಿ ಕೂದಲಿಗೆ ಕಪ್ಪು ಬಣ್ಣ ಹಾಕುವ ಗುಣವೇ ಇರುವುದಿಲ್ಲ. ಅಪ್ಪನಲ್ಲೂ ಇಲ್ಲ, ತಾಯಿಯಲ್ಲೂ ಇಲ್ಲ ಎಂದ ಮೇಲೆ ಮರಿಗೆ ಎಲ್ಲಿಂದ ಬರಬೇಕು?

ನಿಮ್ಮ ಕಾಗದದಲ್ಲಿ ಅಪ್ಪನ ಹೆಸರಿನ ಮುಂದೆ ಚೆಸ್ಟ್‌ನಟ್ ಎಂದಿದೆ, ತಾಯಿಯ ಹೆಸರಿನ ಮುಂದೆಯೂ ಚೆಸ್ಟ್‌ನಟ್ ಎಂದಿದೆ. ಎರಡೂ ಸುರಂಗ್. ಫೋಟೊದಲ್ಲಿರುವ ಕುದುರೆಯ ಬಾಲ ಕಪ್ಪು, ಆಯಾಲು ಕಪ್ಪು, ಮುಂಗಾಲುಗಳು ಮೊಣಕಾಲಿನವರೆಗೆ ಕಪ್ಪು. ಅಪ್ಪಟ ಕುಮೈತ್. ಈ ಕಾಗದ ಈ ಕುದುರೆಯದಲ್ಲ.

ದಲಾಲರು ಬೇಕೆಂದೇ ಮಾಡಿದರು ಎಂದು ನಾನು ಹೇಳುವುದಿಲ್ಲ. ಒಂದು ಲಾರಿಯಲ್ಲಿ ನಾಲ್ಕು ಕುದುರೆ ಬಂದಾಗ ಕಾಗದಗಳು ಅದಲುಬದಲಾಗುವುದೂ ಉಂಟು. ಆದರೆ ಈ ಕಾಗದವನ್ನು ನಂಬಿ ನಯಾಪೈಸೆ ಕೊಡಬೇಡಿ. ಥರೋಬ್ರೆಡ್ ಮರಿಯ ಕುತ್ತಿಗೆಯಲ್ಲಿ ಮೈಕ್ರೊಚಿಪ್ ಇರುತ್ತದೆ, ಅದರ ಸಂಖ್ಯೆ ಕುದುರೆಯ ಪಾಸ್‌ಪೋರ್ಟಿನಲ್ಲಿರುತ್ತದೆ. ಸ್ಕ್ಯಾನರ್ ಇರುವ ವೈದ್ಯರನ್ನು ಕರೆದುಕೊಂಡು ಹೋಗಿ, ಎರಡನ್ನೂ ಕೂಡಿಸಿ ನೋಡಿ. ಆ ಪಾಸ್‌ಪೋರ್ಟಿನಲ್ಲಿ ಕುದುರೆಯ ರೇಖಾಚಿತ್ರವೂ ಇದ್ದು, ಹಣೆಯ, ಕುತ್ತಿಗೆಯ ಸುಳಿಗಳನ್ನು ಗುರುತು ಹಾಕಿರುತ್ತಾರೆ. ನಮ್ಮ ಸಂತೆಗಳಲ್ಲಿ ಸುಳಿ ನೋಡುವವರು ಇಲ್ಲದೆ ಎತ್ತಿನ ವ್ಯಾಪಾರವೂ ಕುದುರೆಯ ವ್ಯಾಪಾರವೂ ನಡೆಯುವುದಿಲ್ಲವಲ್ಲ! ಇಂಥ ಸುಳಿಯಿದ್ದರೆ ಯಜಮಾನನಿಗೆ ಕೇಡು, ಇಂಥದಿದ್ದರೆ ಮನೆಗೆ ಲಕ್ಷ್ಮಿ ಎಂದು ಅವರು ಹೇಳುವುದನ್ನು ನಾನು ನಂಬುವುದಿಲ್ಲ. ಆದರೆ ಸುಳಿ ನೋಡಬಲ್ಲ ಕಣ್ಣು ದೊಡ್ಡದು. ಸುಳಿ ಹುಟ್ಟಿನಿಂದ ಸಾವಿನವರೆಗೆ ಜಾಗ ಬದಲಿಸುವುದಿಲ್ಲ. ಚಿತ್ರದಲ್ಲಿರುವಲ್ಲಿ ಸುಳಿ ಇಲ್ಲವೆಂದರೆ ಕುದುರೆ ಬೇರೆ. ನಿಮ್ಮ ಊರಿನ ಸುಳಿ ಬಲ್ಲ ಹಿರಿಯರನ್ನು ಜೊತೆಗೆ ಕರೆದೊಯ್ಯಿರಿ, ಭವಿಷ್ಯ ಮಾತ್ರ ಕೇಳಬೇಡಿ.

ಅನುಮಾನ ಉಳಿದರೆ ಪುಣೆಯಲ್ಲಿರುವ ಭಾರತದ ಸ್ಟಡ್ ಬುಕ್ ಪ್ರಾಧಿಕಾರಕ್ಕೆ ಬರೆಯಿರಿ. ಬುಡಸಹಿತ ಕಿತ್ತ ಆಯಾಲಿನ ಕೂದಲಿನಿಂದ ತಾಯಿತಂದೆ ಯಾರೆಂದು ಡಿಎನ್ಎ ಮೂಲಕ ತಿಳಿಯುವ ಕಾಲ ಇದು.

ಮರಿಯ ವಿಷಯ ಬೇಗ ಮುಗಿಸುತ್ತೇನೆ, ಏಕೆಂದರೆ ಉತ್ತರ ‘ಬೇಡ’ ಎಂಬುದೇ. ಓಟಕ್ಕೆ ಹೋಗಬೇಕಾದ ಮರಿ ಸ್ಟಡ್ ಬುಕ್ಕಿನಲ್ಲಿ ದಾಖಲಾಗಬೇಕು. ದಾಖಲಾಗಬೇಕಾದರೆ ತಾಯಿಯ ಗುರುತು ಖಚಿತವಿರಬೇಕು, ಅಪ್ಪನೂ ದಾಖಲಾದ ಬೀಜದ ಕುದುರೆಯಾಗಿರಬೇಕು. ಎಮ್ಮೆ-ಆಕಳಿಗೆ ಮಾಡಿಸುವಂತೆ ಕೃತಕ ಗರ್ಭಧಾರಣೆ ಮಾಡಿಸಿದರೆ ಥರೋಬ್ರೆಡ್ ಮರಿಗೆ ದಾಖಲೆಯೇ ಸಿಗುವುದಿಲ್ಲ, ಎರಡನ್ನೂ ಮುಖಾಮುಖಿ ಕೂಡಿಸಬೇಕು. ಅಂದರೆ ಲಾರಿಯಲ್ಲಿ ಹೆಣ್ಣು ಕುದುರೆಯನ್ನು ದೂರದ ಫಾರ್ಮಿಗೆ ಒಯ್ಯಬೇಕು. ಎಲ್ಲ ಮರಿಗಳಿಗೂ ಜನವರಿ 1ರಂದೇ ಒಂದು ವರ್ಷ ತುಂಬಿತೆಂದು ಲೆಕ್ಕ ಹಾಕುವುದರಿಂದ ಮೇ ತಿಂಗಳಲ್ಲಿ ಹುಟ್ಟಿದ್ದು ಜನವರಿಯಲ್ಲಿ ಹುಟ್ಟಿದ್ದರ ಜೊತೆಗೇ ಓಡಬೇಕು. ಹಾಗಾಗಿ ತಿಂಗಳೂ ಮುಖ್ಯ. ಇಷ್ಟೆಲ್ಲ ಆಗಿ ಹುಟ್ಟಿದ ಮರಿಯನ್ನು ಓಡಿಸಲು ಇಲ್ಲಿಂದ ಬೆಂಗಳೂರಿಗೋ ಪುಣೆಗೋ ನಾನೂರು ಕಿಲೋಮೀಟರ್ ದಾಟಿ ಕಳಿಸಬೇಕು. ಕಪ್ಪಕ್ಷರವಿಲ್ಲದ ತಾಯಿಗೆ ಈ ಖರ್ಚು ಮಾಡುವ ಬದಲು ಹೊಲದಲ್ಲಿ ಬಾವಿ ತೋಡಿಸಿ.

ಕಾಗದವಿಲ್ಲದೆ, ಬರೀ ಕುದುರೆಯೆಂದು ಕೊಳ್ಳುವ ಮನಸ್ಸಿದ್ದರೆ ಅದು ಬೇರೆ ಮಾತು. ಫೋಟೊ ನೋಡಿದರೆ ಕಣ್ಣು ಸೌಮ್ಯವಾಗಿದೆ, ಭುಜ ಚೆನ್ನಾಗಿ ಓರೆಯಾಗಿದೆ. ಎಡ ಮುಂಗಾಲಿನ ಹಿಂಭಾಗದ ನರ (ಸ್ನಾಯುರಜ್ಜು) ಸ್ವಲ್ಪ ಉಬ್ಬಿದಂತೆ ಕಾಣುತ್ತದೆ, ಅಂಗೈಯಿಂದ ಮುಟ್ಟಿ ಬಿಸಿಯಿದೆಯೇ ನೋಡಿ. ಓಟ ಬಿಟ್ಟದ್ದು ಬಹುಶಃ ಅದಕ್ಕೇ. ಅಂಥ ಕುದುರೆಗೆ ವಂಶದ ಬೆಲೆ ಕೊಡಬಾರದು, ಕಾಲಿನ ಬೆಲೆ ಕೊಡಬೇಕು, ಮತ್ತು ಆ ಬೆಲೆ ಎರಡು ಲಕ್ಷವಲ್ಲ. ಕೊಂಡರೆ ನೆನಪಿಡಬೇಕಾದ್ದು ಎರಡು. ಒಂದು, ನಿಮ್ಮ ಕಡೆಯ ಹಸಿ ಜೋಳದ ಮೇವನ್ನು ಹತ್ತಿರ ತರಬೇಡಿ. ಎತ್ತು ಅರಗಿಸಿಕೊಂಡದ್ದನ್ನು ಕುದುರೆ ಅರಗಿಸಿಕೊಳ್ಳುವುದಿಲ್ಲ, ಮೂತ್ರಕೋಶ ಕೆಟ್ಟು ಹಿಂಗಾಲು ತೂರಾಡುತ್ತವೆ. ಒಣಹುಲ್ಲು, ಕುದುರೆ ಮಸಾಲೆ ಸೊಪ್ಪು, ನೆನೆಸಿದ ಹುರುಳಿ ಸಾಕು. ಎರಡು, ಎರೆ ನೆಲ. ಮಳೆಗಾಲದಲ್ಲಿ ರೋಣದ ಎರೆ ಮಣ್ಣು ಲಾಳವನ್ನು ಕಿತ್ತು ಇಟ್ಟುಕೊಳ್ಳುತ್ತದೆ, ಗೊರಸಿನ ಸಂದಿಯಲ್ಲಿ ಕುಳಿತು ಕೊಳೆಸುತ್ತದೆ. ಲಾಯಕ್ಕೆ ಗರಸು ಹಾಕಿ, ದಿನಾ ಸಂಜೆ ನಾಲ್ಕೂ ಗೊರಸು ಎತ್ತಿ ಕೆದಕಿ.

ಈಗ ನಿಮ್ಮ ಅಜ್ಜನ ಪುಟ. ಅದನ್ನು ನಾನು ಎರಡು ದಿನ ಮೇಜಿನ ಮೇಲೆ ಇಟ್ಟುಕೊಂಡಿದ್ದೆ. ಮೊದಲು ನೋಡಿದಾಗ ಅವರು ತಪ್ಪಾಗಿ ಬರೆದಿದ್ದಾರೆ ಎನಿಸಿತು. ಕನ್ನಡ ಅಕ್ಷರದಲ್ಲಿ ಒಂದರ ಕೆಳಗೊಂದು ಒಂಬತ್ತು ಹೆಸರು, ಪ್ರತಿಯೊಂದರ ಮುಂದೆ ‘ತಾ.’ ಎಂಬ ಗುರುತು. ಅಪ್ಪಂದಿರ ಹೆಸರು ಬಲಗಡೆ ಅಂಚಿನಲ್ಲಿ, ಜಾಗ ಉಳಿದರೆ ಬರೆದಂತೆ, ಸಣ್ಣದಾಗಿ. ಆಮೇಲೆ ಹೊಳೆಯಿತು: ‘ತಾ.’ ಎಂದರೆ ತಾಯಿ. ದೊಡ್ಡ ಹೆಸರುಗಳೆಲ್ಲ ಅಂಚಿಗೆ, ತಾಯಂದಿರು ನಡುವಿಗೆ. ಮೂರನೆಯ ಹೆಸರಿನ ಪಕ್ಕ ‘ಇವಳ ಮಕ್ಕಳು ಕೆಸರಿನಲ್ಲಿ ಚೆನ್ನ’ ಎಂದಿದೆ. ಪುಣೆಯ ಓಟಗಳು ಮಳೆಗಾಲದವು, ಆ ಮಕ್ಕಳ ಮೈಯ ಕೆಸರು ತೊಳೆದವರು ಅವರೇ ಇರಬೇಕು. ಐದನೆಯದರ ಪಕ್ಕ ಒಂದೇ ಪದ: ‘ಕೊಡಲಿಲ್ಲ’. ಹರಾಜಿನ ಕ್ಯಾಟಲಾಗು ಅರ್ಧ ಪುಟ ತೆಗೆದುಕೊಂಡು ಹೇಳುವುದು ಅಷ್ಟನ್ನೇ.

ನಾಲ್ಕು ಪುಸ್ತಕಗಳನ್ನೂ ಪುಟಪುಟವಾಗಿ ಫೋಟೊ ತೆಗೆಯಿರಿ. ಲ್ಯಾಮಿನೇಶನ್ ಮಾಡಿಸಬೇಡಿ, ಆ ಕಾವಿಗೆ ಹಳೆಯ ಶಾಯಿ ಉಳಿಯುವುದಿಲ್ಲ. ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲೇ ಇಡಿ. ಮತ್ತು ಪುಟದ ಮೂಲೆಯಲ್ಲಿ ಪೆನ್ಸಿಲಿನಿಂದ ಬರೆದ ‘ಬೆ 1, ಸಂ 1½’ ಯಾವ ಓಟದ ಲೆಕ್ಕ ಎಂದು ಕೇಳಿದ್ದೀರಿ. ಅದು ಓಟದ್ದಲ್ಲ. ಬೆಳಿಗ್ಗೆ ಒಂದು ಸೇರು, ಸಂಜೆ ಒಂದೂವರೆ ಸೇರು ಹುರುಳಿ.